ತಡೆಯುವ ಸ್ನಾಯು, ತಾಳುವ ಮೂಳೆ

ಮಾತು ಶುರು ಮಾಡುವ ಮೊದಲು ನಿಮ್ಮಿಂದ ಒಂದು ಸಣ್ಣ ಕೆಲಸ ಆಗಬೇಕು. ಮಂಡಿನೋವು ಇಲ್ಲದವರೆಲ್ಲ ಎದ್ದು ನಿಂತು, ಎರಡೂ ಅಂಗೈಗಳನ್ನು ತೊಡೆಯ ಮುಂಭಾಗದ ಮೇಲಿಟ್ಟು, ಆದಷ್ಟು ನಿಧಾನವಾಗಿ ಕುರ್ಚಿಯಲ್ಲಿ ಕೂರಿ. ಕೂರುತ್ತಿರುವಾಗಲೇ ತೊಡೆ ಗಟ್ಟಿಯಾಯಿತಲ್ಲವೇ? ಏಳುವುದಕ್ಕೆ ಸ್ನಾಯು ಬೇಕೆಂದು ಎಲ್ಲರಿಗೂ ಗೊತ್ತು. ಕೂರುವುದಕ್ಕೂ ಅದೇ ಸ್ನಾಯು ದುಡಿಯುತ್ತದೆ. ಏಳುವಾಗ ಮೊಟಕಾಗುತ್ತಾ ದುಡಿದದ್ದು ಕೂರುವಾಗ ಉದ್ದವಾಗುತ್ತಾ ದುಡಿಯುತ್ತದೆ. ಅದು ಕೈಬಿಟ್ಟರೆ ನಾವು ಕುರ್ಚಿಯ ಮೇಲೆ ದೊಪ್ಪನೆ ಬೀಳುತ್ತೇವೆ.

ಆಟದಲ್ಲಿ ದೇಹದ ಕೆಲಸ ಎಂದಾಗ ಓಟ, ನೆಗೆತ, ಎಸೆತ ಇವೇ ನೆನಪಿಗೆ ಬರುತ್ತವೆ. ನಾನು ಇವತ್ತು ಹೇಳಬೇಕೆಂದಿರುವುದು ತಡೆಯುವ ಕೆಲಸದ ಬಗ್ಗೆ. ಕಬಡ್ಡಿ ಆಡುವವರ ಮಂಡಿಯ ಲಿಗಮೆಂಟ್ ಹರಿಯುವುದು ಹೆಚ್ಚಾಗಿ ಗಕ್ಕನೆ ನಿಂತು ತಿರುಗುವಾಗ ಅಥವಾ ನೆಗೆದು ಇಳಿಯುವಾಗ. ಓಟಗಾರರ ತೊಡೆಯ ಹಿಂಬದಿ ಸೆಳೆದುಕೊಳ್ಳುವುದು ಬಹಳ ಸಲ ಮುಂದೆ ಬೀಸಿದ ಕಾಲನ್ನು ಅದು ಹಿಡಿದು ನಿಲ್ಲಿಸುವ ಹೊತ್ತಿನಲ್ಲಿ. ಇದನ್ನು ಬಿಡಿಸಿ ನೋಡಲು ಒಂದೇ ಆಟ, ಅದರಲ್ಲೂ ಒಂದೇ ಹೆಜ್ಜೆ ಸಾಕು: ವೇಗದ ಬೌಲರ್ ಚೆಂಡು ಬಿಡುವ ಮುನ್ನ ಊರುವ ಕೊನೆಯ ಹೆಜ್ಜೆ.

ಬಲಗೈ ಬೌಲರನನ್ನು ನೆನೆಸಿಕೊಳ್ಳಿ. ಓಡಿ ಬಂದು, ನೆಗೆದು, ಬಲಗಾಲಿನ ಮೇಲೆ ಇಳಿದು, ಎಡಗಾಲನ್ನು ಕ್ರೀಸಿನಲ್ಲಿ ಬಲವಾಗಿ ಊರುತ್ತಾನೆ. ಆ ಕ್ಷಣ ನೆಲ ಅವನ ಕಾಲನ್ನು ಮೇಲಕ್ಕೆ ಒತ್ತುವ ಬಲ ಅವನ ತೂಕದ ಐದು ಪಟ್ಟನ್ನೂ ಮೀರಬಲ್ಲದು. 80 ಕಿಲೋ ತೂಗುವವನಿಗೆ ಲೆಕ್ಕ ಹಾಕಿದರೆ 400 ಕಿಲೋಗೂ ಹೆಚ್ಚು ಭಾರ, ಒಂದೇ ಕಾಲಿನ ಮೇಲೆ. ಮಂಡಿ ಬಗ್ಗಿದರೆ ತೊಡೆಯ ಸ್ನಾಯು ಆ ಪೆಟ್ಟಿನಲ್ಲಿ ಒಂದು ಪಾಲನ್ನು ನುಂಗಿಕೊಳ್ಳುತ್ತದೆ, ಆದರೆ ಚೆಂಡಿನ ವೇಗವೂ ಇಳಿಯುತ್ತದೆ. ಮಂಡಿ ನೆಟ್ಟಗೆ ನಿಂತರೆ ಸೊಂಟ ಅಲ್ಲೇ ತಡೆದು ನಿಲ್ಲುತ್ತದೆ, ಮೇಲಿನ ದೇಹ ಅದರ ಮೇಲೆ ರಭಸದಿಂದ ಮಗುಚಿಕೊಳ್ಳುತ್ತದೆ, ಓಟದ ವೇಗ ಎದೆ, ಭುಜ, ಮಣಿಕಟ್ಟು ದಾಟಿ ಚೆಂಡಿಗೆ ಸೇರುತ್ತದೆ. ಅದಕ್ಕೇ ಅತಿ ವೇಗದ ಬೌಲರ್‌ಗಳಲ್ಲಿ ಅನೇಕರ ಮುಂದಿನ ಕಾಲು ಕಂಬದ ಹಾಗೆ ನಿಲ್ಲುತ್ತದೆ. ಆಗ ಪೆಟ್ಟನ್ನು ತಾಳಿಕೊಳ್ಳಬೇಕಾದದ್ದು ಬೆನ್ನಿನ ಕೆಳಭಾಗ.

ಆ ಹೊತ್ತಿಗೆ ಬೆನ್ನು ನೆಟ್ಟಗೂ ಇರುವುದಿಲ್ಲ. ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಚಿಕೊಂಡಿರುತ್ತದೆ. ಸೊಂಟದ ಭಾಗದ ಐದು ಬೆನ್ನುಮೂಳೆಗಳಲ್ಲಿ ಕೆಳಗಿನವುಗಳ ಹಿಂಬದಿಯಲ್ಲಿ, ಎರಡೂ ಕಡೆ, ಮೂಳೆಯ ಒಂದೊಂದು ಕಿರಿದಾದ ಸೇತುವೆ ಇದೆ. ಬಲಗೈ ಬೌಲರ್‌ನಲ್ಲಿ ಹೆಚ್ಚಾಗಿ ಬಿರುಕು ಬಿಡುವುದು ಎಡಗಡೆಯ ಸೇತುವೆ. ಬೆನ್ನು ಮತ್ತು ಹೊಟ್ಟೆಯ ಸ್ನಾಯುಗಳು ಬಿಗಿಯಾಗಿ ಹಿಡಿದಿರುವವರೆಗೆ ಭಾರ ಹಂಚಿಹೋಗುತ್ತದೆ. ಅವು ದಣಿದಾಗ ಮೂಳೆಯ ಪಾಲು ಹೆಚ್ಚುತ್ತದೆ.

ಡೆನಿಸ್ ಲಿಲಿಯ ಕಥೆ ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. 1973ರ ವೆಸ್ಟ್ ಇಂಡೀಸ್ ಪ್ರವಾಸದಲ್ಲಿ ಈ ಆಸ್ಟ್ರೇಲಿಯನ್ ಬೌಲರ್‌ನ ಬೆನ್ನುಮೂಳೆಯಲ್ಲಿ ಬಿರುಕು ಕಂಡಿತು. ಆಟ ಮುಗಿಯಿತೆಂದೇ ಅನೇಕರು ಭಾವಿಸಿದ್ದರು. ವಾರಗಟ್ಟಲೆ ಪ್ಲಾಸ್ಟರಿನಲ್ಲಿದ್ದು, ಆಮೇಲೆ ಯೂನಿವರ್ಸಿಟಿ ಆಫ್ ವೆಸ್ಟರ್ನ್ ಆಸ್ಟ್ರೇಲಿಯಾದ ಫ್ರಾಂಕ್ ಪೈಕ್ ಅವರ ಮಾರ್ಗದರ್ಶನದಲ್ಲಿ ಲಿಲಿ ದೇಹವನ್ನು ಮೊದಲಿನಿಂದ ಕಟ್ಟಿಕೊಂಡರು. 1974-75ರ ಆ್ಯಷಸ್‌ನಲ್ಲಿ 25 ವಿಕೆಟ್ ತೆಗೆದರು. ಅವರ ಒಟ್ಟು 355 ಟೆಸ್ಟ್ ವಿಕೆಟ್‌ಗಳಲ್ಲಿ ಬಹುಪಾಲು ಆ ಬಿರುಕಿನ ನಂತರದವು. ಮೂಳೆಯನ್ನು ಕಲ್ಲಿನಂತೆ ಸತ್ತ ವಸ್ತುವೆಂದು ತಿಳಿದವರಿಗೆ ನಾನು ಈ ಕಥೆಯನ್ನೇ ಹೇಳುವುದು. ಮೂಳೆ ಜೀವಂತ. ಭಾರ ಬಿದ್ದಲ್ಲಿ ದಪ್ಪವಾಗುತ್ತದೆ. ಟೆನಿಸ್ ಆಟಗಾರರ ರ್‍ಯಾಕೆಟ್ ಹಿಡಿಯುವ ತೋಳಿನ ಮೂಳೆ ಇನ್ನೊಂದಕ್ಕಿಂತ ದಪ್ಪ ಇರುತ್ತದೆ. ಆದರೆ ಅದಕ್ಕೊಂದು ಕ್ರಮವಿದೆ. ಹಳೆಯದನ್ನು ಮೊದಲು ಕರಗಿಸುತ್ತದೆ, ಅದಕ್ಕೆ ಕೆಲವು ವಾರ ಸಾಕು. ಹೊಸದನ್ನು ಕಟ್ಟಲು ತಿಂಗಳುಗಳು ಬೇಕು. ಈ ನಡುವಿನ ಕಾಲದಲ್ಲಿ ಮೂಳೆ ಮೊದಲಿಗಿಂತ ದುರ್ಬಲ. ಸ್ನಾಯು ಅಷ್ಟರೊಳಗೆ ಬಲಿತಿರುತ್ತದೆ, ಆಟಗಾರನಿಗೆ ಹುರುಪು ಬಂದಿರುತ್ತದೆ, ಇನ್ನಷ್ಟು ಓವರ್ ಹಾಕುತ್ತಾನೆ. ಬಿರುಕು ಬೀಳುವುದು ಆಗಲೇ.

ಇನ್ನು ಭುಜ. ತೋಳಿನ ಮೂಳೆಯ ದೊಡ್ಡ ಗುಂಡು ತಲೆ ಹೆಗಲಿನ ಆಳವಿಲ್ಲದ ಗುಳಿಯಲ್ಲಿ ಕೂತಿದೆ, ಶಾಲೆಯ ಆಟೋಟದಲ್ಲಿ ಚಮಚದ ಮೇಲೆ ನಿಂಬೆಹಣ್ಣು ಇಟ್ಟ ಹಾಗೆ. ಕೈ ಎಲ್ಲ ದಿಕ್ಕಿಗೂ ಆಡುವುದು ಇದರಿಂದಲೇ. ನಾಲ್ಕು ಪುಟ್ಟ ಸ್ನಾಯುಗಳು ಸುತ್ತುವರಿದು ಆ ಗುಂಡನ್ನು ಗುಳಿಯೊಳಗೆ ಎಳೆದು ಹಿಡಿದಿರುತ್ತವೆ. ಚೆಂಡು ಕೈಬಿಟ್ಟ ಮೇಲೂ ತೋಳು ಅದೇ ವೇಗದಲ್ಲಿ ಹೋಗುತ್ತಿರುತ್ತದಲ್ಲ, ಅದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ತಡೆಯುವವುಗಳಲ್ಲಿ ಇವೂ ಸೇರಿವೆ. ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ 1997ರಲ್ಲಿ ಆಟದಿಂದ ತಿಂಗಳುಗಟ್ಟಲೆ ದೂರ ಉಳಿದದ್ದು ಈ ಸ್ನಾಯುಗಳ ಗಾಯದಿಂದಲೇ. ಅದೇ ಭುಜದಿಂದ 1999ರಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಟೆಸ್ಟಿನಲ್ಲಿ 13 ವಿಕೆಟ್ ತೆಗೆದರು. ಭಾರತ ಸೋತಿತು, ಆದರೂ ಆ ಬೌಲಿಂಗನ್ನು ನಾನು ಮರೆಯಲಾರೆ.

ಸಭೆಯಲ್ಲಿ ತಂದೆ-ತಾಯಂದಿರು ಬಹಳ ಮಂದಿ ಇದ್ದೀರಿ, ಅದಕ್ಕಾಗಿ ಇದನ್ನು ಒತ್ತಿ ಹೇಳುತ್ತೇನೆ. ಬೆನ್ನುಮೂಳೆಯ ಬಿರುಕಿನ ಅಪಾಯ ಹೆಚ್ಚಿರುವುದು ಬೆಳೆಯುವ ವಯಸ್ಸಿನಲ್ಲಿ. ಇಂಗ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ವಯಸ್ಸಿಗೆ ತಕ್ಕಂತೆ ಒಂದು ಸ್ಪೆಲ್‌ಗೆ ಇಷ್ಟೇ ಓವರ್ ಎಂಬ ಮಿತಿ ಇಟ್ಟಿದ್ದಾರೆ. ನಮ್ಮಲ್ಲಿ ಮ್ಯಾಚಿನ ಓವರ್ ಲೆಕ್ಕಕ್ಕೆ ಸಿಗುತ್ತದೆ, ನೆಟ್ಸ್‌ನಲ್ಲಿ ಹಾಕಿದ ಚೆಂಡುಗಳು ಸಿಗುವುದಿಲ್ಲ. ಬೆಳಿಗ್ಗೆ ಅಕಾಡೆಮಿ, ಸಂಜೆ ಶಾಲೆಯ ತಂಡ, ಭಾನುವಾರ ಬೀದಿಯ ಟೂರ್ನಮೆಂಟ್: ಮೂವರು ಕೋಚ್‌ಗಳು, ಒಂದೇ ಬೆನ್ನು. ಒಂದು ನೋಟ್‌ಬುಕ್ ಇಟ್ಟು ಮಕ್ಕಳು ವಾರಕ್ಕೆ ಎಷ್ಟು ಚೆಂಡು ಹಾಕಿದರೆಂದು ಬರೆಸಿ. ಒಮ್ಮೆಲೇ ಏರಿಸಲು ಯಾರು ಹೇಳಿದರೂ ಒಪ್ಪಬೇಡಿ.

ಮಗ ಅಥವಾ ಮಗಳು ಸೊಂಟದ ಒಂದೇ ಬದಿ, ಅದೂ ಬೌಲಿಂಗ್ ಕೈಯ ಎದುರು ಬದಿ ನೋಯುತ್ತದೆ ಎಂದರೆ, ಒಂದು ಕಾಲಿನ ಮೇಲೆ ನಿಂತು ಮೆಲ್ಲಗೆ ಹಿಂದಕ್ಕೆ ಬಾಗಲು ಹೇಳಿ. ಅಲ್ಲಿಯೇ ನೋವು ಹೆಚ್ಚಿದರೆ ಅವತ್ತೇ ಬೌಲಿಂಗ್ ನಿಲ್ಲಿಸಿ ಕ್ರೀಡಾ ಗಾಯಗಳ ಅನುಭವವಿರುವ ವೈದ್ಯರಿಗೆ ತೋರಿಸಿ. ಎಕ್ಸ್‌ರೇ ಚೆನ್ನಾಗಿ ಬಂತೆಂದು ಸಮಾಧಾನ ಮಾಡಿಕೊಳ್ಳಬೇಡಿ. ಶುರುವಿನ ಬಿರುಕು ಅದರಲ್ಲಿ ಬಹಳ ಸಲ ಕಾಣುವುದೇ ಇಲ್ಲ, ಎಂಆರ್‌ಐ ಬೇಕಾಗುತ್ತದೆ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಬಹುದು.