ಬಿತ್ತುವ ಮೊದಲು ಬದು

ಮಕ್ಕಳೇ, ಮುಂಗಾರಿನಲ್ಲಿ ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಕಡೆ ಹೋದರೆ, ಗದ್ದೆಯ ಮೂಲೆಯಲ್ಲಿ ಹಚ್ಚಹಸಿರಿನ ಪುಟ್ಟ ಚೌಕವೊಂದು ಕಾಣುತ್ತದೆ. ಅದೇ ಸಸಿಮಡಿ. ಒಂದು ಎಕರೆ ನಾಟಿಗೆ ಮೂರು-ನಾಲ್ಕು ಗುಂಟೆ ಸಸಿಮಡಿ ಸಾಕು. ಆದರೆ ತೀರಾ ಚಿಕ್ಕದಾದರೆ ಸಸಿ ಸಾಲದು. ಪೈರು ನಿಂತ ಮೇಲೆ ಬದು ಸರಿಸುವುದೂ ಸುಲಭವಲ್ಲ. ಅದಕ್ಕೇ ರೈತರು ಮೊದಲೇ ಲೆಕ್ಕ ಹಾಕುತ್ತಾರೆ.

ಕಂಪ್ಯೂಟರಿನ ಡಿಸ್ಕಿಗೂ ಹೀಗೆ ಬದು ಹಾಕಬಹುದು. ಒಂದೊಂದು ಮಡಿಗೆ ಪಾರ್ಟಿಷನ್ ಎಂದು ಹೆಸರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಶುರುಮಾಡಿದ, ಕಂಪ್ಯೂಟರನ್ನು ನಡೆಸುವ ಲಿನಕ್ಸ್ ತಂತ್ರಾಂಶವನ್ನು ಹಾಕುವಾಗ ಈ ಲೆಕ್ಕ ನಮ್ಮ ಕೈಗೇ ಬರುತ್ತದೆ.

256 ಜಿಬಿ ಡಿಸ್ಕ್ ಇದೆ ಎನ್ನೋಣ. ಕೆಲವು ಕಡೆ ಅದು 238 ಎಂದೇ ಕಾಣುತ್ತದೆ! ಏನೂ ಕಳೆದುಹೋಗಿಲ್ಲ. ಡಿಸ್ಕ್ ಮಾಡುವವರು 100 ಕೋಟಿ ಬೈಟಿಗೆ ಒಂದು ಜಿಬಿ ಎನ್ನುತ್ತಾರೆ; ಕಂಪ್ಯೂಟರ್ ಎಷ್ಟೋ ಸಲ ಸುಮಾರು 107 ಕೋಟಿಗೆ ಒಂದು ಎಂದು ಎಣಿಸುತ್ತದೆ. ಕೊಳಗ ದೊಡ್ಡದಾದರೆ ಅಳತೆಯ ಎಣಿಕೆ ಕಡಿಮೆ ಬರುತ್ತದಲ್ಲ, ಹಾಗೆ.

ಈಗ 238ನ್ನು ಹಂಚೋಣ. ಕಂಪ್ಯೂಟರ್ ಎದ್ದೇಳುವಾಗ ಮೊದಲು ಓದುವ ಮಡಿಗೆ 1. ಲಿನಕ್ಸ್ ಮತ್ತು ಅದರ ತಂತ್ರಾಂಶಗಳು ಇರುವ ‘ರೂಟ್’ಗೆ 50. ಇದು ತುಂಬಿಹೋದರೆ ಹೊಸ ಅಪ್‌ಡೇಟ್ ಹಾಕಲು ಆಗುವುದಿಲ್ಲ, ಆದ್ದರಿಂದ ಕೈ ಬಿಗಿ ಮಾಡಬಾರದು. ರ‍್ಯಾಮ್ (ಕೆಲಸದ ವೇಳೆ ಮಾಹಿತಿ ಇರುವ ನೆನಪು) ತುಂಬಿದಾಗ ಸದ್ಯಕ್ಕೆ ಬೇಡದ ಮಾಹಿತಿಯನ್ನು ಸರಿಸಿಡುವ ಜಾಗ ‘ಸ್ವ್ಯಾಪ್’, ಅದಕ್ಕೆ 8. ಉಳಿದ 179 ‘ಹೋಮ್’ಗೆ. ನೀವು ಬರೆದ ಕತೆ, ಬಿಡಿಸಿದ ಚಿತ್ರ, ಬಳ್ಳಿಗಾವಿ ಪ್ರವಾಸದ ಫೋಟೋ ಎಲ್ಲ ಅಲ್ಲಿರುತ್ತವೆ.

ಹೋಮನ್ನು ಬೇರೆ ಇಡುವುದೇಕೆ? ಲಿನಕ್ಸ್ ಕೆಟ್ಟರೆ ರೂಟನ್ನು ಮಾತ್ರ ಅಳಿಸಿ ಹೊಸದಾಗಿ ಹಾಕಬಹುದು. ಹೋಮಿನ ಮೇಲೆ ಎಲ್ಲವನ್ನೂ ಅಳಿಸುವ ‘ಫಾರ್ಮ್ಯಾಟ್’ ಒತ್ತದಿದ್ದರೆ ನಿಮ್ಮ ಫೋಟೋಗಳು ಇದ್ದಲ್ಲೇ ಇರುತ್ತವೆ.

ಆದರೆ ಒಂದು ಮಾತು. ಮಡಿ ನಾಲ್ಕಾದರೂ ಹೊಲ ಒಂದೇ. ಡಿಸ್ಕೇ ಕೆಟ್ಟರೆ ಎಲ್ಲ ಮಡಿಗಳೂ ಒಟ್ಟಿಗೆ ಹೋಗುತ್ತವೆ. ಬಿತ್ತನೆಯ ಭತ್ತವನ್ನು ರೈತರು ಗದ್ದೆಯಲ್ಲಿ ಬಿಡುವುದಿಲ್ಲ, ಮನೆಗೆ ತಂದು ಬೇರೆಯಾಗಿ ಕಟ್ಟಿಡುತ್ತಾರೆ. ನಿಮ್ಮ ಪ್ರೀತಿಯ ಕಡತಗಳ ಇನ್ನೊಂದು ಪ್ರತಿಯೂ ಬೇರೆ ಡಿಸ್ಕಿನಲ್ಲಿರಲಿ.