ಹೆಸರಿನ ಮುಂದಿನ ಅಕ್ಷರ



ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆಂದು ಮಳವಳ್ಳಿ ತಾಲ್ಲೂಕಿನ ಹಲಗೂರಿಗೆ ಹೋಗಿದ್ದೆ. ಕ್ಯಾಮೆರಾ ಸಜ್ಜಾಗುವವರೆಗೆ ಒಂದು ಮನೆಯ ಜಗಲಿಯಲ್ಲಿ ಕುಳಿತಿದ್ದೆ. ಅಜ್ಜಿಯೊಬ್ಬರು ರಾಗಿ ಕೇರುತ್ತಿದ್ದರು. ವರ್ಷ ತುಂಬಿದ ಮೊಮ್ಮಗು ಅವರ ಪಕ್ಕದಿಂದೆದ್ದು ಅಂಗಳದ ಕೋಳಿಯ ಹಿಂದೆ ಹೊರಟಿತು. ನಾಲ್ಕು ಹೆಜ್ಜೆ ಹೋಗಿ, ನಿಂತು, ತಿರುಗಿ ನೋಡಿತು. ಅಜ್ಜಿ ಅಲ್ಲೇ ಇದ್ದರು. ಅಷ್ಟೇ ಸಾಕಾಯಿತು, ಮತ್ತೆ ನಾಲ್ಕು ಹೆಜ್ಜೆ ಮುಂದೆ. ನಮ್ಮ ಲೈಟ್ ಸ್ಟ್ಯಾಂಡು ಧಡ್ಡನೆ ಬಿದ್ದಾಗ ಮಾತ್ರ ಓಡಿಬಂದು ಸೆರಗು ಹಿಡಿಯಿತು.

ಅದೇ ಮನೆಯ ದೊಡ್ಡ ಹುಡುಗ ಎಸ್ಸೆಸ್ಸೆಲ್ಸಿ ಮುಗಿಸಿದ್ದ. ಅಪ್ಪನೊಡನೆ ಮಾತು ಬಿಟ್ಟು ಮೂರು ದಿನವಾಗಿತ್ತಂತೆ. ಪಿ.ಯು.ಸಿ.ಯಲ್ಲಿ ವಿಜ್ಞಾನ ತೆಗೆದುಕೊಳ್ಳಬೇಕೆಂದು ಅಪ್ಪನ ಹಟ. ‘ನಿನಗೆ ಏನು ಇಷ್ಟ?’ ಎಂದು ಕೇಳಿದೆ. ‘ಗೊತ್ತಿಲ್ಲ ಸಾ, ಅದ್ ಮಾತ್ರ ಬ್ಯಾಡ’ ಎಂದ.

ಆ ಮಗುವಿಗೂ ಈ ಹುಡುಗನಿಗೂ ಏನು ಸಂಬಂಧ ಎನ್ನುತ್ತೀರಾ? ಮೊದಲು ಮಗುವನ್ನೇ ನೋಡೋಣ.

ಹಾಲು ಕೊಡುವವರನ್ನು ಕೂಸು ಹಚ್ಚಿಕೊಳ್ಳುತ್ತದೆ ಎಂದು ಹಿಂದೆ ನಂಬಿದ್ದರು. ಅಮೆರಿಕದ ಹ್ಯಾರಿ ಹಾರ್ಲೋ ಕೋತಿಮರಿಗಳಿಗೆ ಎರಡು ಬೊಂಬೆ-ತಾಯಂದಿರನ್ನು ಕೊಟ್ಟು ನೋಡಿದರು. ಒಂದು ತಂತಿಯದು, ಇನ್ನೊಂದು ಮೆತ್ತನೆಯ ಬಟ್ಟೆ ಹೊದಿಸಿದ್ದು. ತಂತಿಯ ತಾಯಿಯಲ್ಲೇ ಹಾಲಿದ್ದರೂ ಮರಿಗಳು ದಿನದ ಹೆಚ್ಚು ಹೊತ್ತು ಬಟ್ಟೆಯ ತಾಯಿಯನ್ನೇ ಅಪ್ಪಿಕೊಂಡಿದ್ದವು ಎಂದು 1958ರಲ್ಲಿ ವರದಿ ಮಾಡಿದರು. (ಆ ಮರಿಗಳನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.) ಇಂಗ್ಲೆಂಡಿನ ಜಾನ್ ಬೌಲ್ಬಿ ಈ ನಂಟನ್ನು ಸಿದ್ಧಾಂತವಾಗಿ ರೂಪಿಸಿದರು. ಮೇರಿ ಐನ್ಸ್‌ವರ್ತ್ ಅವರು ಉಗಾಂಡದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಕೂಸುಗಳನ್ನು ಗಮನಿಸಿದರು. ನಾನು ಹಲಗೂರಿನ ಅಂಗಳದಲ್ಲಿ ಕಂಡದ್ದನ್ನೇ ಆಕೆ ಅಲ್ಲಿ ಕಂಡರು: ನಂಬಿದವರು ನೆಲೆಯಾಗಿ ನಿಂತರೆ ಮಗು ದೂರ ಹೋಗಲು ಧೈರ್ಯ ಮಾಡುತ್ತದೆ. ನಂಟು ಮಗುವನ್ನು ಕಟ್ಟಿಹಾಕುವ ಹಗ್ಗವಲ್ಲ.

ಆ ನೆಲೆ ತಾಯಿಯೇ ಆಗಬೇಕೆಂದಿಲ್ಲ. ಗ್ಲಾಸ್ಗೋ ನಗರದ 60 ಕೂಸುಗಳನ್ನು ಕುರಿತ 1964ರ ಅಧ್ಯಯನದಲ್ಲಿ ಒಂದೂವರೆ ವರ್ಷದ ಹೊತ್ತಿಗೆ ಹೆಚ್ಚಿನವು ಒಬ್ಬರಿಗಿಂತ ಹೆಚ್ಚು ಜನರನ್ನು ಹಚ್ಚಿಕೊಂಡಿದ್ದವು. ಅಜ್ಜಿ, ಚಿಕ್ಕಪ್ಪ, ಅಕ್ಕಂದಿರ ಸೊಂಟದ ಮೇಲೆ ಬೆಳೆದ ನಮಗೆ ಇದೇನು ಹೊಸ ಸುದ್ದಿಯಲ್ಲ ಬಿಡಿ.

ಇನ್ನು ಹದಿಹರೆಯ. ಇಲ್ಲಿ ನೆನೆಯಬೇಕಾದವರು ಎರಿಕ್ ಎರಿಕ್‌ಸನ್. 1902ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಇವರಿಗೆ ಹೆತ್ತ ತಂದೆ ಯಾರೆಂದು ಕೊನೆಗೂ ತಿಳಿಯಲಿಲ್ಲ. ಮಲತಂದೆಯ ಹೆಸರು ಹೊತ್ತು ಬೆಳೆದರು. ಓದು ಮುಗಿಸಿ, ಚಿತ್ರಕಾರನಾಗುತ್ತೇನೆಂದು ಕೆಲವು ವರ್ಷ ಊರೂರು ಅಲೆದರು. ಮುಂದೆ ಅಮೆರಿಕದ ಪ್ರಜೆಯಾದಾಗ ಎರಿಕ್‌ಸನ್ ಎಂಬ ಹೆಸರನ್ನು ತಾವೇ ಇಟ್ಟುಕೊಂಡರು. ‘ನಾನು ಯಾರು?’ ಎಂಬುದೇ ಹದಿಹರೆಯದ ಮುಖ್ಯ ಪ್ರಶ್ನೆ ಎಂದು ಹೇಳಿದವರು ಇವರು. ಅಲೆದಾಟ, ಅನುಮಾನಗಳಿಗೂ ಒಂದಿಷ್ಟು ಕಾಲಾವಕಾಶ ಬೇಕು ಎಂದರು.

ನಮ್ಮಲ್ಲಿ ಹೆಸರಿನ ಮುಂದೆ ಊರಿನ ಅಕ್ಷರ, ತಂದೆಯ ಅಕ್ಷರ ಹಚ್ಚುತ್ತಾರಲ್ಲ, ಅವುಗಳನ್ನು ನಾವು ಆರಿಸಿಕೊಂಡದ್ದಲ್ಲ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬ ಹುಡುಗನನ್ನು ನೋಡಿ. ಹನ್ನೆರಡರ ವಯಸ್ಸಿಗೆ ತಂದೆ ತೀರಿಕೊಂಡರು. ಮೈಸೂರಿಗೆ ಓದಲು ಬಂದು ಇಂಗ್ಲಿಷಿನಲ್ಲಿ ಕವಿತೆ ಬರೆದ. ಅವು 1922ರಲ್ಲಿ ಪುಸ್ತಕವೂ ಆದವು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ಕವಿತೆ ತೋರಿಸಿದಾಗ, ನಿನ್ನ ತಾಯ್ನುಡಿಯಲ್ಲಿ ಬರೆ ಎಂಬ ಸಲಹೆ ಬಂತು. ಆಗ ವಯಸ್ಸು ಹತ್ತೊಂಬತ್ತು. ‘ಕಿಶೋರ ಚಂದ್ರವಾಣಿ’ ಎಂಬ ಕಾವ್ಯನಾಮವೊಂದನ್ನೂ ಆತ ಇಟ್ಟುಕೊಂಡದ್ದುಂಟು. ಕೊನೆಗೆ ನಿಂತದ್ದು ಯಾವುದು? ಊರಿನ ‘ಕು’, ತಂದೆಯ ‘ವೆಂ’, ತನ್ನ ‘ಪು’. ಕೊಟ್ಟದ್ದನ್ನು ಎಸೆಯಲಿಲ್ಲ, ಕೊಟ್ಟಂತೆಯೇ ಇಟ್ಟುಕೊಳ್ಳಲೂ ಇಲ್ಲ.

ನನ್ನ ಕಥೆ ಅಷ್ಟು ಚೆಂದವಿಲ್ಲ. ಮನೆಯವರು ಹೇಳಿದರೆಂದು ಬಿ.ಎಸ್ಸಿ. ಅರ್ಜಿಗೆ ಸಹಿ ಹಾಕಿದೆ. ಪ್ರಶ್ನೆ ಕೇಳಲಿಲ್ಲ, ಜಗಳವನ್ನೂ ಆಡಲಿಲ್ಲ. ಒಳ್ಳೆಯ ಹುಡುಗ ಎನಿಸಿಕೊಂಡೆ. ಹೀಗೆ ಹುಡುಕದೆಯೇ ಒಪ್ಪಿಕೊಳ್ಳುವುದನ್ನು ಜೇಮ್ಸ್ ಮಾರ್ಸಿಯಾ ಎಂಬ ಮನಶ್ಶಾಸ್ತ್ರಜ್ಞ 1966ರಲ್ಲೇ ಗುರುತಿಸಿದ್ದರೆಂದು ತಿಳಿದದ್ದು ಬಹಳ ತಡವಾಗಿ. ನನ್ನ ಹುಡುಕಾಟ ಶುರುವಾದದ್ದು ಪದವಿ ಕೈಗೆ ಬಂದ ಮೇಲೆ, ಎರಡು ವರ್ಷ ಕೆಲಸವಿಲ್ಲದೆ ಕುಳಿತಾಗ. ವಿಜ್ಞಾನದ ಬಗ್ಗೆ ನನಗೆ ದೂರಿಲ್ಲ. ಇಂದಿಗೂ ಅನ್ನಕ್ಕೆ ನೆರವಾಗುತ್ತಿದೆ. ಆದರೆ ಆ ಜಗಳವನ್ನು ಹದಿನಾರಕ್ಕೇ ಆಡಿದ್ದರೆ ಅಪ್ಪ ಬದುಕಿದ್ದಾಗಲೇ ಅವರೊಡನೆ ಎರಡು ಮಾತು ನಿಜವಾಗಿ ಆಡಿದಂತಾಗುತ್ತಿತ್ತು.

ಎಳವೆಯಲ್ಲಿ ಆಸರೆ ತಪ್ಪಿದವರಿಗೆ ಮುಂದೆ ದಾರಿಯೇ ಇಲ್ಲವೆಂದು ದಯವಿಟ್ಟು ತಿಳಿಯಬೇಡಿ. ಎರಿಕ್‌ಸನ್ ಅವರನ್ನೇ ನೋಡಿದಿರಲ್ಲ. ಒಬ್ಬ ಮೇಷ್ಟರು, ಒಬ್ಬ ಅತ್ತೆ, ಒಬ್ಬ ಗೆಳೆಯನೂ ತಡವಾಗಿ ಸಿಕ್ಕ ನೆಲೆಯಾಗಬಲ್ಲರು.

ಸಂಜೆ ನಾವು ಹಲಗೂರು ಬಿಡುವಾಗ ಅಪ್ಪ-ಮಗನ ಮಾತು ಇನ್ನೂ ಶುರುವಾಗಿರಲಿಲ್ಲ. ಅರ್ಜಿ ಗೂಡಿನಲ್ಲಿ ಹಾಗೇ ಇತ್ತು. ರಾತ್ರಿಗೆ ಎಷ್ಟು ಮುದ್ದೆ ಎಂದು ಅಜ್ಜಿ ಒಳಗಿನಿಂದ ಕೂಗಿ ಕೇಳಿದಾಗ ಹುಡುಗ ತನ್ನದನ್ನೂ ಸೇರಿಸಿಯೇ ಲೆಕ್ಕ ಹೇಳಿದ.