ಹೂಮರಿಯ ಆರೈಕೆ



ಅಮರಕೋಶದಲ್ಲಿ ಕೋಳಿಗೆ ನಾಲ್ಕು ಹೆಸರುಗಳಿವೆ: ಕೃಕವಾಕು, ತಾಮ್ರಚೂಡ, ಕುಕ್ಕುಟ, ಚರಣಾಯುಧ. ಇವನ್ನು ಬಾಲ್ಯದಲ್ಲೇ ಬಾಯಿಪಾಠ ಮಾಡಿದವನು ನಾನು. ಆದರೆ ಚಳಿಗೆ ಸೆಟೆದ ಒಂದು ಹೂಮರಿಯನ್ನು ಬದುಕಿಸುವ ಬಗೆ ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ. ಆ ಕಥೆಯನ್ನೇ ಇಂದು ತಮ್ಮ ಮುಂದಿಡುತ್ತೇನೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಡೆಯ ಪುಷ್ಯಮಾಸದ ಚಳಿಯನ್ನು ಬಲ್ಲವರೇ ಬಲ್ಲರು. ಅಡಕೆಮರದ ತಲೆಯಿಂದ ಮಂಜು ಇಳಿಯುವಾಗ ಹೊತ್ತು ಎಷ್ಟೋ ಏರಿರುತ್ತದೆ. ಅಂಥ ಒಂದು ಬೆಳಗ್ಗೆ ಕೊಪ್ಪದ ನಮ್ಮ ಮನೆಯ ಜಗಲಿಗೆ ನೆರೆಮನೆಯ ಹುಡುಗಿ ಬಂದಳು. ನನ್ನ ಶಾಲೆಯಲ್ಲೇ ಎಂಟನೆಯ ತರಗತಿಯವಳು. ಲಂಗದ ಮಡಿಲಲ್ಲಿ ಮೂರು ದಿನದ ಹೂಮರಿ. ಹೇಂಟೆಯು ಉಳಿದ ಮರಿಗಳನ್ನು ಕರೆದುಕೊಂಡು ಮೇಯಲು ಹೋಗಿತ್ತು. ಇದೊಂದು ಇಬ್ಬನಿಯಲ್ಲಿ ತೊಯ್ದು ಹಿಂದೆ ಬಿದ್ದಿತ್ತು.

“ಮೇಷ್ಟ್ರೇ, ಅವ್ವ ತೋಟದ ಕೆಲ್ಸಕ್ಕೆ ಹೋಗಿದಾಳೆ. ನಾನು ಶಾಲೆಗೆ ಹೋದ್ರೆ ಇದನ್ನ ನೋಡೋರಿಲ್ಲ” ಎಂದಳು.

ಮೊಟ್ಟೆ ಮಾರಿದ ಕಾಸಿನಲ್ಲೇ ಅವಳ ನೋಟುಪುಸ್ತಕ ಬರುವುದೆಂದು ನಾನು ಬಲ್ಲೆ. ಆದರೂ ನಮ್ಮ ಮನೆಯೊಳಗೆ ಕೋಳಿ ಬಂದ ವಾಡಿಕೆಯಿಲ್ಲ. “ಇದು ಉಳಿಯುವುದಿಲ್ಲ, ಬಿಡು ಮಗು” ಎಂದುಬಿಟ್ಟೆ. ಹಿಂದಿನ ದಿನವಷ್ಟೇ ಅವಳ ತರಗತಿಗೆ ಜನ್ನನ ಯಶೋಧರ ಚರಿತೆಯ ಕಥೆ ಹೇಳಿದ್ದೆ. 1209ರ ಆ ಕಾವ್ಯದಲ್ಲಿ ಅರಸನು ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆದರೂ ಕೊಲ್ಲುವ ಸಂಕಲ್ಪ ಮಾಡಿದ್ದಕ್ಕಾಗಿ ಜನ್ಮಜನ್ಮಾಂತರ ತೊಳಲುತ್ತಾನೆ. ಹುಡುಗಿ ಏನೂ ಆಡಲಿಲ್ಲ. ಸುಮ್ಮನೆ ನನ್ನ ಮುಖ ನೋಡಿದಳು. ಅಷ್ಟರಲ್ಲಿ ನನ್ನ ಮನೆಯವರು ಒಳಗಿನಿಂದ ಒಂದು ಬಿದಿರಿನ ಬುಟ್ಟಿ ತಂದು ಅವಳ ಮುಂದಿಟ್ಟರು.

ಮರಿಗೆ ಮೊದಲು ಬೇಕಾದದ್ದು ಅನ್ನವಲ್ಲ, ಶಾಖ. ಎಳೆಯ ಮರಿ ತನ್ನ ಮೈಯ ಬಿಸಿಯನ್ನು ತಾನೇ ಕಾಪಾಡಿಕೊಳ್ಳಲಾರದು. ಅದಕ್ಕಾಗಿಯೇ ತಾಯಿಯ ರೆಕ್ಕೆ. ಮೆತ್ತನೆಯ ಬಟ್ಟೆಯಿಂದ ತೇವ ಒರೆಸಿ, ಬುಟ್ಟಿಗೆ ಹಳೆಯ ಒರಟು ಬಟ್ಟೆ ಹಾಸಿ, ಬಚ್ಚಲೊಲೆಯಿಂದ ಮಾರು ದೂರದಲ್ಲಿ, ಹೊಗೆ ತಾಕದ ಒಣ ಮೂಲೆಯಲ್ಲಿ ಇಟ್ಟೆವು. ನುಣುಪಾದ ಕಾಗದ ಹಾಸಬಾರದು. ಕಾಲು ಜಾರಿ ಅಗಲವಾಗಿ ಊನವಾಗುತ್ತದೆ. ಮೊದಲ ವಾರ ಮರಿಗೆ 32ರಿಂದ 35 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ತಗ್ಗಿಸಬಹುದು. ಪೇಟೆಯ ಮನೆಗಳಲ್ಲಿ ಒಲೆಯಿಲ್ಲದಿದ್ದರೆ ಬಿಸಿನೀರಿನ ಸೀಸೆಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು, ಆರಿದಾಗ ಬದಲಿಸಬೇಕು. ಹಳೆಯ ತಂತಿಯ ಬಲ್ಬಾದರೆ ಕಾವು ಕೊಡುತ್ತದೆ. ಈಗಿನ ಎಲ್‌ಇಡಿ ದೀಪದ ಬೆಳಕನ್ನು ನಂಬಿ ಕೂರಬಾರದು, ಅದರಲ್ಲಿ ಕಾವಿಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆಯಂತೂ ಕೂಡದು. ಅದರ ವಿಷವಾಯು ಮರಿಗೂ ಮನುಷ್ಯರಿಗೂ ಮೃತ್ಯು.

ಇಲ್ಲಿ ನಾನು ಮಾಡಿದ ತಪ್ಪನ್ನೂ ಹೇಳಬೇಕು. ಹಸಿದಿದೆಯೆಂದು ಕನಿಕರಪಟ್ಟು, ಕೊಕ್ಕು ಬಿಡಿಸಿ ಚಮಚದಲ್ಲಿ ಹಾಲು ಹುಯ್ದೆ. ಮರಿ ಉಸಿರು ಕಟ್ಟಿ ಕುತ್ತಿಗೆ ಚಾಚಿತು. ಪುಣ್ಯಕ್ಕೆ ಬದುಕಿಕೊಂಡಿತು. ಕೋಳಿಯ ಶ್ವಾಸನಾಳದ ಬಾಯಿ ನಾಲಗೆಯ ಬುಡದಲ್ಲೇ ಇದೆಯೆಂದು ಆಮೇಲೆ ಪಶುವೈದ್ಯರು ತಿಳಿಸಿದರು. ಮೈ ಬಿಸಿಯಾದ ಮೇಲೆ, ಚಿಟಿಕೆ ಬೆಲ್ಲ ಕದಡಿದ ಉಗುರುಬೆಚ್ಚಗಿನ ನೀರನ್ನು ಬೆರಳ ತುದಿಯಿಂದ ಕೊಕ್ಕಿನ ಅಂಚಿಗೆ ತಾಕಿಸಿದರೆ ಸಾಕು, ತಾನೇ ಗುಟುಕರಿಸುತ್ತದೆ.

ಸಂಜೆ ಕೆಲಸದಿಂದ ಮರಳಿದ ಹುಡುಗಿಯ ತಾಯಿ ಬುಟ್ಟಿ ನೋಡಿ, “ಒಂಟಿ ಮರಿ ಬದುಕಾದಿಲ್ಲ ಅಯ್ಯಾ, ಜೊತೆ ಬೇಕು” ಎಂದು ಇನ್ನೊಂದು ಹೂಮರಿಯನ್ನು ತಂದು ಬಿಟ್ಟಳು. ಅದರ ಮೈಗೆ ಮೈ ತಾಗಿದ್ದೇ ತಡ, ಇದರ ಕೂಗು ನಿಂತಿತು. ಮರುದಿನ ನುಣ್ಣನೆ ನುಚ್ಚು, ಆಮೇಲೆ ಹುಡುಗಿ ಹುತ್ತದಿಂದ ತಂದ ಗೆದ್ದಲು. ಜೊತೆಯ ಮರಿ ಕುಕ್ಕುವುದನ್ನು ಕಂಡು ಇದೂ ಕುಕ್ಕತೊಡಗಿತು. ಮುಟ್ಟಿದಾಗಲೆಲ್ಲ ಎಲ್ಲರೂ ಸಾಬೂನಿನಿಂದ ಕೈ ತೊಳೆಯುತ್ತಿದ್ದೆವು. ಒಂದು ಎಚ್ಚರಿಕೆ: ಒಡ್ಡಿಯಲ್ಲಿ ಹಲವು ಕೋಳಿಗಳು ಒಮ್ಮೆಗೇ ತೂಕಡಿಸಿ ಸಾಯುತ್ತಿದ್ದರೆ ಅದು ಚಳಿಯಲ್ಲ, ಅಂಟುಜಾಡ್ಯ. ಅಂಥ ಮರಿಯನ್ನು ಒಳಗೆ ತರದೆ ಪಶು ಆಸ್ಪತ್ರೆಗೆ ತಿಳಿಸಬೇಕು.

ಐದನೆಯ ರಾತ್ರಿ ಎರಡನ್ನೂ ಒಯ್ದು, ನಿದ್ದೆಯಲ್ಲಿದ್ದ ಹೇಂಟೆಯ ರೆಕ್ಕೆಯಡಿ ಮೆಲ್ಲನೆ ಸರಿಸಿದೆವು. ಹಗಲಿನಲ್ಲಿ ಬಿಟ್ಟರೆ ತಾಯಿಯೇ ಪರಕೀಯವೆಂದು ಕುಕ್ಕುವುದುಂಟು. ಬೆಳಗ್ಗೆ ನೋಡಿದರೆ ಎಲ್ಲ ಮರಿಗಳೂ ಒಂದೇ ಗುಂಪು. ನಮ್ಮದು ಯಾವುದೆಂದು ನನಗೇ ಗುರುತಾಗಲಿಲ್ಲ. ಹುಡುಗಿಗೆ ಗುರುತಿತ್ತು.

ನವರಾತ್ರಿಯ ಹೊತ್ತಿಗೆ ಅವಳು ಅದರ ಮೊದಲ ಮೊಟ್ಟೆಯನ್ನು ನಮ್ಮ ಜಗಲಿಗೆ ತಂದಳು. ನಾವು ಮೊಟ್ಟೆ ತಿನ್ನುವವರಲ್ಲ. ಆದರೂ ನನ್ನ ಮನೆಯವರು ಅದನ್ನು ಎರಡೂ ಕೈಯಲ್ಲಿ ಸ್ವೀಕರಿಸಿ, ಮತ್ತೆ ಅವಳ ಕೈಯಲ್ಲೇ ಇಟ್ಟು, “ಇದನ್ನು ಮಾರಬೇಡ, ಕಾವಿಗೆ ಇಡು” ಎಂದರು.

ಹಿಟ್ಟಿನ ಕೋಳಿಯ ಕಥೆಯನ್ನು ನಾನು ಈಗಲೂ ತರಗತಿಯಲ್ಲಿ ಹೇಳುತ್ತೇನೆ. ಕೊಲ್ಲುವ ಸಂಕಲ್ಪ ಹೇಗೆ ಹಿಂಸೆಯೋ, ಬದುಕಿಸಬಹುದಾದದ್ದನ್ನು “ಬಿಡು” ಎನ್ನುವುದೂ ಹಾಗೆಯೇ ಎಂದು ಈಗ ಒಂದು ಮಾತು ಸೇರಿಸುತ್ತೇನೆ.